ಕಡಲಾಚೆಯ ಓದಿಗೆ ಜಾಮೀನು ಯಾರು?

ಹೋದ ವಾರ ಸಿಂಧನೂರಿನ ಅಕ್ಕಿ ಗಿರಣಿಯ ಹಮಾಲರೊಬ್ಬರು ನಮ್ಮ ಕಚೇರಿಗೆ ಬಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಇಂಜಿನಿಯರಿಂಗ್ ಮುಗಿಸಿದ ಅವರ ಮಗನಿಗೆ ಜರ್ಮನಿಯ ವಿಶ್ವವಿದ್ಯಾಲಯವೊಂದು ಪ್ರವೇಶ ಕೊಟ್ಟ ಪತ್ರವದು. “ಇದನ್ನ ನೋಡಿ ನಗಬೇಕೋ ಅಳಬೇಕೋ ನೀವೇ ಹೇಳ್ರಿ ಮಾಸ್ತರ್ರ” ಎಂದರು. ಮೊದಲು ಲೆಕ್ಕ ಹಾಕೋಣ ಎಂದೆವು. ಲಿಂಗಸುಗೂರು, ಮಸ್ಕಿಗಳಲ್ಲೂ ಇದೇ ಚಿಂತೆಯ ಮನೆಗಳಿರುವುದರಿಂದ ಆ ಲೆಕ್ಕವನ್ನೇ ಇಂದು ವಾಚಕರ ಮುಂದಿಡುತ್ತಿದ್ದೇವೆ.

ಬಡವರ ಮಕ್ಕಳಿಗೆ ಕಡಲಾಚೆಯ ಓದು ಏಕೆ ಎಂದು ಕೇಳುವ ದೊಡ್ಡವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಅವರವರ ಮಕ್ಕಳು ಆಗಲೇ ಅಲ್ಲಿಗೆ ಹೋಗಿ ಕೂತಿರುತ್ತಾರೆ! ಇಂಥವರಿಗೆ ಮಸ್ಕಿಯ ಬಂಡೆಯೇ ಉತ್ತರ ಕೊಟ್ಟಿದೆ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಿಂದ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಜಗತ್ತಿಗೆ ತಿಳಿಯಿತೆಂಬುದನ್ನು ಶಾಲೆಯಲ್ಲಿ ಓದಿದ್ದೇವೆ. ಅದರೊಳಗಿನ ಮಾತನ್ನು ಮರೆತಿದ್ದೇವೆ. ಮೇಲ್ಮೆಯು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಸಣ್ಣವನೂ ಅದನ್ನು ಪಡೆಯಬಲ್ಲನು ಎಂಬುದು ಅದರ ತಾತ್ಪರ್ಯ. ಧರ್ಮದ ವಿಷಯದಲ್ಲಿ ಹೇಳಿದ ಆ ಮಾತು ವಿದ್ಯೆಗೂ ಸಲ್ಲುತ್ತದೆ.

ಆದರೆ ಬರಿಯ ಹುಮ್ಮಸ್ಸಿನಿಂದ ಹೊಟ್ಟೆ ತುಂಬದು. ಡಾ. ಅಂಬೇಡ್ಕರರು 1913ರಲ್ಲಿ ಅಮೆರಿಕಕ್ಕೆ ಹೋದದ್ದು ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ. ಆ ವೇತನದ ಅವಧಿ ಮುಗಿದಾಗ, 1917ರಲ್ಲಿ, ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಅವರು ಮರಳಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ಹಣ ಕೂಡಿಸಿಕೊಂಡು 1920ರಲ್ಲಿ ಮತ್ತೆ ಹೊರಟರು. ಅಂಥ ಮೇಧಾವಿಯನ್ನೂ ಹಣದ ಕೊರತೆ ನಡುದಾರಿಯಲ್ಲಿ ತಡೆಯಿತೆಂಬುದನ್ನು ಹೊರಡುವ ಪ್ರತಿಯೊಬ್ಬರೂ ನೆನಪಿಡಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಅಗ್ಗವಾಯಿತಲ್ಲ ಎಂದು ಹಿಗ್ಗುವ ಮೊದಲು ಮುಂದಿನದನ್ನು ಕೇಳಿರಿ. ವೀಸಾ ದೊರೆಯಬೇಕಾದರೆ ಒಂದು ವರ್ಷದ ಊಟ ವಸತಿಯ ಹಣವನ್ನು ಸಾಮಾನ್ಯವಾಗಿ ಮೊದಲೇ ಖಾತೆಯಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದ ಮೊತ್ತ 11,904 ಯೂರೋ. ನಮ್ಮ ರೂಪಾಯಿಯಲ್ಲಿ ಹತ್ತು ಲಕ್ಷಕ್ಕೂ ಮೇಲು. ಅದು ತಿಂಗಳಿಗೆ 992 ಯೂರೋದಂತೆ ವಿದ್ಯಾರ್ಥಿಯ ಕೈಗೇ ಮರಳುವುದು ನಿಜ. ಆದರೆ ಮೂಟೆಗಿಷ್ಟೆಂದು ಕೂಲಿ ಎಣಿಸುವವನು ಅದನ್ನು ಒಮ್ಮೆಲೇ ಎಲ್ಲಿಂದ ತರಬೇಕು? ಅಲ್ಲಿ ದುಡಿದು ತೀರಿಸುತ್ತೇನೆಂಬ ಮಾತಿಗೂ ಮಿತಿಯಿದೆ. ಜರ್ಮನಿಯಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನಗಳ ದುಡಿಮೆಗೆ ಅವಕಾಶ. ಬ್ರಿಟನ್ನಿನಲ್ಲಿ ಪದವಿ ಓದುವವರಿಗೆ ತರಗತಿಗಳ ಕಾಲದಲ್ಲಿ ವಾರಕ್ಕೆ 20 ಗಂಟೆ. ಇದರಿಂದ ಕೈಖರ್ಚು ನಡೆದೀತು, ಸಾಲ ತೀರದು.

ಬ್ಯಾಂಕಿನ ಬಾಗಿಲಿಗೆ ಹೋದರೆ, ಏಳೂವರೆ ಲಕ್ಷದವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಭದ್ರತೆ ಬೇಡವೆಂಬುದು ಸಾಮಾನ್ಯ ನಿಯಮ. ಅದರಾಚೆಗೆ ಮನೆ, ನಿವೇಶನ, ಠೇವಣಿ ಕೇಳುತ್ತಾರೆ. ನಾಲೆಯ ನೀರುಂಡ ಎರಡೆಕರೆ ಗದ್ದೆ ಇದೆ ಎಂದರೆ ತಲೆಯಲ್ಲಾಡಿಸುತ್ತಾರೆ. ಅಡವಿಟ್ಟ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ 2002ರ ಕಾಯಿದೆ ಕೃಷಿಭೂಮಿಗೆ ಅನ್ವಯಿಸದು. ರೈತನ ರಕ್ಷಣೆಗಾಗಿ ಇಟ್ಟ ಆ ವಿನಾಯಿತಿ ಒಳ್ಳೆಯದೇ. ಆದರೆ ಬ್ಯಾಂಕು ಒಲ್ಲೆನೆಂದ ಹೊಲವನ್ನು ಸಾಹುಕಾರನು ನಗುನಗುತ್ತ ಬರೆಸಿಕೊಳ್ಳುತ್ತಾನೆ. ಮಗ ವಿಮಾನ ಹತ್ತಿದ ದಿನವೇ ಅಪ್ಪ ಜೀತಕ್ಕೆ ಬೀಳುವ ದಾರಿಯಿದು. ಆ ದಾರಿ ಬೇಡವೆಂದು ನಾವು ಕೈಮುಗಿದು ಹೇಳುತ್ತೇವೆ.

ಸರಕಾರದ ವಿದ್ಯಾರ್ಥಿವೇತನಗಳಿಲ್ಲವೆ? ಇವೆ. 1954-55ರಲ್ಲಿ ಆರಂಭವಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಪರಿಶಿಷ್ಟ ಜಾತಿಯವರಿಗಷ್ಟೇ ಅಲ್ಲದೆ ಅಲೆಮಾರಿ ಸಮುದಾಯಗಳಿಗೆ, ಭೂಹೀನ ಕೃಷಿಕೂಲಿಗಳ ಮಕ್ಕಳಿಗೆ, ಪಾರಂಪರಿಕ ಕಸುಬುದಾರರ ಮಕ್ಕಳಿಗೆ ಕೂಡ ಉಂಟು. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಮನೆಯ ವಾರ್ಷಿಕ ಆದಾಯ ಎಂಟು ಲಕ್ಷ ಮೀರಿರಬಾರದು. ಆದರೆ ಇಡೀ ದೇಶಕ್ಕೆ ವರ್ಷಕ್ಕೆ ಇರುವುದು 125 ಸ್ಥಾನ. ಪರಿಶಿಷ್ಟ ಪಂಗಡಗಳಿಗೆ ಪ್ರತ್ಯೇಕವಾಗಿ ಕೇವಲ 20. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಪರಿಶಿಷ್ಟರಿಗಾಗಿ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಸ್ಥಾನ ಕಡಿಮೆಯೆಂದು ಅರ್ಜಿಯನ್ನೇ ಹಾಕದಿರುವುದು ಮಾತ್ರ ನಮ್ಮದೇ ತಪ್ಪು.

ದಲ್ಲಾಳಿಗಳ ವಿಷಯದಲ್ಲಿ ಎಚ್ಚರವಿರಲಿ. ಅಡತಿ ಅಂಗಡಿಯ ವ್ಯವಹಾರ ಬಲ್ಲ ನಮ್ಮ ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಏಜೆಂಟರು ವಿದ್ಯಾರ್ಥಿಯನ್ನು ಕಳಿಸಿದ್ದಕ್ಕಾಗಿ ಆ ದೇಶದ ಕಾಲೇಜಿನಿಂದಲೂ ಕಮಿಷನ್ ಪಡೆಯುತ್ತಾರೆ. ಎರಡೂ ಕಡೆ ತಿನ್ನುವವನ ತಕ್ಕಡಿಯನ್ನು ನಂಬುವುದೆಂತು? ವೈದ್ಯಕೀಯ ಓದಿಗೆ ಹೊರಟವರು ಇನ್ನಷ್ಟು ಜಾಗರೂಕರಾಗಿರಬೇಕು. 2021ರ ನಿಯಮದ ಪ್ರಕಾರ ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ಓದು ಮತ್ತು ಅಲ್ಲಿಯೇ 12 ತಿಂಗಳ ತರಬೇತಿ ಇಲ್ಲದಿದ್ದರೆ ಆ ಪದವಿಯಿಂದ ಇಲ್ಲಿ ವೈದ್ಯವೃತ್ತಿ ನಡೆಸಲಾಗದು.

ಸಿದ್ಧತೆಯು ಮನೆಯ ಟ್ರಂಕಿನಿಂದಲೇ ಆರಂಭವಾಗಲಿ. ಮಾಸ್ತರಿಕೆ ಮಾಡುತ್ತಿದ್ದಾಗ ನಾವು ಕಂಡದ್ದನ್ನು ಹೇಳುತ್ತೇವೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರಿಯ ಒಂದಕ್ಷರ, ಆಧಾರದಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು. ಪಾಸ್‌ಪೋರ್ಟಿಗೆ ಮುನ್ನವೇ ಇವನ್ನೆಲ್ಲ ಒಂದಾಗಿಸಿರಿ. ಆದಾಯ, ಜಾತಿ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆಯಿರಿ. ಅಂಕಗಳ ದೃಢೀಕೃತ ಪ್ರತಿಗಾಗಿ ಇಂಜಿನಿಯರಿಂಗ್ ಓದಿದವರು ಬೆಳಗಾವಿಗೂ, ಹಿಂದೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಪದವಿ ಪಡೆದವರು ಕಲಬುರಗಿಗೂ ಅರ್ಜಿ ಹಾಕಬೇಕಾದೀತು. ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಅಂಕಕ್ಕೆ ಎರಡೇ ವರ್ಷ ಆಯುಸ್ಸು. ಅದನ್ನು ಅವಸರದಿಂದ ಬರೆದು ಹಣ ಕಳೆಯಬೇಡಿರಿ.

ಇಷ್ಟು ನಮ್ಮ ಕೆಲಸ, ಉಳಿದುದು ಸರಕಾರದ್ದು. ಸಂವಿಧಾನದ 371ಜೆ ವಿಧಿ ಈ ಭಾಗ ಹಿಂದುಳಿದುದನ್ನು ಒಪ್ಪಿಕೊಂಡು ರಾಜ್ಯದೊಳಗಿನ ಸೀಟುಗಳಲ್ಲಿ, ನೌಕರಿಗಳಲ್ಲಿ ಪಾಲು ಕೊಟ್ಟಿತು. ಕಡಲಾಚೆಯ ಪ್ರವೇಶ ಗಳಿಸಿದವನಿಗೆ ಅದು ಜಾಮೀನಾಗದು. ಆದುದರಿಂದ ನಮ್ಮ ಬೇಡಿಕೆಗಳು ಎರಡು. ಆಸ್ತಿಯಿಲ್ಲದವರ ಮಕ್ಕಳ ವಿದ್ಯಾಸಾಲಕ್ಕೆ ರಾಜ್ಯ ಸರಕಾರವೇ ಹೊಣೆ ನಿಲ್ಲಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕು ಕೇಂದ್ರಗಳಲ್ಲಿ ಈ ಅರ್ಜಿಗಳಿಗೆ ದಾರಿ ತೋರಿಸುವ ಒಬ್ಬ ನೌಕರನನ್ನಾದರೂ ಕೂರಿಸಬೇಕು.

ಲಿಂಗಸುಗೂರು ತಾಲೂಕಿನ ಹಟ್ಟಿಯ ನೆಲದಿಂದ ರಾಜ್ಯ ಸರಕಾರದ ಕಂಪನಿಯೇ ಚಿನ್ನ ತೆಗೆಯುತ್ತಿದೆ. ಅದೇ ನೆಲದ ತಾಯಿ ಮಗನ ಓದಿಗಾಗಿ ಕೊರಳಿನ ಗುಂಡು ಬಿಚ್ಚಿ ಅಡವಿಡುತ್ತಾಳೆ. ಇದು ಯಾವ ನ್ಯಾಯ?

ಆ ಹಮಾಲರ ಮಗ ಈಗ ಅರ್ಜಿಗಳನ್ನು ಬರೆಯುತ್ತಿದ್ದಾನೆ. ಸಾಹುಕಾರನ ಕಾಗದಕ್ಕೆ ಅಪ್ಪ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ. ಒತ್ತುವ ಸಂದರ್ಭ ಬಾರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.