ಏಳು ದಿನದಲ್ಲಿ ಆರು ಊರು ನೋಡಿದವರಿಗೆ

ಮಲ್ಲಂದೂರು ಕಡೆಯ ಒಂದು ಮದುವೆಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ, ದೂರದ ಸಂಬಂಧದಲ್ಲಿ ನನಗೆ ಚಿಕ್ಕಪ್ಪನಾಗಬೇಕಾದ ಕಾಫಿ ಬೆಳೆಗಾರರೊಬ್ಬರು ಮೊಬೈಲು ತೆಗೆದು ಫೋಟೋ ತೋರಿಸತೊಡಗಿದರು. ಮೆಡಿಟರೇನಿಯನ್ ಕ್ರೂಸ್ ಮುಗಿಸಿ ಬಂದಿದ್ದರು. ಜಿನೋವಾ, ರೋಮ್, ಪಲೆರ್ಮೊ, ವಲೆಟ್ಟಾ, ಬಾರ್ಸಿಲೋನಾ, ಮಾರ್ಸೇ. "ಏಳ್ ದಿನಕ್ಕೆ ಆರ್ ಊರು ಕಣೋ. ಒಂದ್ ಸಲವೂ ಪೆಟ್ಟಿಗೆ ಕಟ್ಟೋ ತಾಪತ್ರಯ ಇಲ್ಲ. ಮಲಗೋ ರೂಮೇ ನಮ್ ಜೊತೆ ಬರುತ್ತೆ" ಎಂದರು. ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದ ಮೇಲೆ ನಮ್ಮ ಕಡೆ ಇಂಥ ಫೋಟೋಗಳು ಹೆಚ್ಚಾಗಿವೆ. ಬಂದ ಹಣದಲ್ಲಿ ಮನುಷ್ಯ ನಾಲ್ಕು ಊರು ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಐದು ನಿಮಿಷ ಕಳೆಯುವುದರೊಳಗೆ ಮಾತು ಗಿರಿಯ ಕಡೆ ತಿರುಗಿತು. ಅದೇ ಚಿಕ್ಕಪ್ಪ ಹೇಳಿದರು: "ಈ ಟೂರಿಸ್ಟುಗಳ ಕಾಟದಲ್ಲಿ ಶನಿವಾರ ಭಾನುವಾರ ಗೇಟು ದಾಟೋ ಹಂಗಿಲ್ಲ. ಬರ್ತಾರೆ, ಫೋಟೋ ಹೊಡ್ಕೊಳ್ತಾರೆ, ಬಾಟ್ಲಿ ಬಿಸಾಕಿ ಹೋಗ್ತಾರೆ. ಒಂದ್ ಲೋಟ ಕಾಫೀನೂ ಇಲ್ಲಿ ಕುಡಿಯಲ್ಲ."

ಸುತ್ತ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬರುವ ದಾರಿಯಲ್ಲಿ ಹೊಳೆಯಿತು, ಈ ಎರಡೂ ಮಾತು ಒಂದೇ ಸಂಗತಿಯ ಬಗ್ಗೆ ಆಡಿದ್ದು ಎಂದು. ಮುಳ್ಳಯ್ಯನಗಿರಿಗೆ ಬರುವ ಬೆಂಗಳೂರಿನ ಹುಡುಗ ನಮಗೆ ಏನೋ, ಬಾರ್ಸಿಲೋನಾದವರಿಗೆ ನಮ್ಮ ಚಿಕ್ಕಪ್ಪ ಅದೇ. ಆ ಹುಡುಗನನ್ನು ಬೈಯುವ ನಾವು ಚಿಕ್ಕಪ್ಪನಿಗೆ ಮಾತ್ರ "ಪ್ರವಾಸ ಕಥನ ಬರೀರಿ" ಎನ್ನುತ್ತೇವೆ. ಈ ಲೇಖನದ ತಕರಾರು ಅದರ ಮೇಲೆ.

ಮೊದಲು ಹಡಗಿನ ಲೆಕ್ಕ ನೋಡೋಣ. ಕ್ರೂಸ್ ಹಡಗು ಸಾಮಾನ್ಯವಾಗಿ ರಾತ್ರಿ ಸಾಗುತ್ತದೆ, ಬೆಳಿಗ್ಗೆ ಬಂದರಿಗೆ ಬರುತ್ತದೆ, ಸಂಜೆ ಮತ್ತೆ ಹೊರಡುತ್ತದೆ. ಊರಿಗೆ ಸಿಗುವುದು ಎಂಟೋ ಹತ್ತೋ ಗಂಟೆ. ಅದರಲ್ಲಿ ಇಳಿಯುವ ಸಾಲು, ಹತ್ತುವ ಸಾಲು, ಬಸ್ಸಿನ ಹೊತ್ತು ಕಳೆಯಬೇಕು. "ರೋಮ್" ಎಂದು ಪಟ್ಟಿಯಲ್ಲಿರುವ ಬಂದರು ರೋಮ್ ಅಲ್ಲ, ಚಿವಿಟಾವೆಕ್ಕಿಯಾ. ಅಲ್ಲಿಂದ ರೋಮಿಗೆ ಎಪ್ಪತ್ತು ಕಿಲೋಮೀಟರಿಗೂ ಹೆಚ್ಚು. "ಫ್ಲಾರೆನ್ಸ್" ಎಂದು ಬರೆದಿದ್ದರೆ ಇಳಿಸುವುದು ಲಿವೋರ್ನೊದಲ್ಲಿ. ನೀರುದೋಸೆ ತಿನ್ನಲು ಕೊಟ್ಟಿಗೆಹಾರದಲ್ಲಿ ಇಳಿಸಿ "ಇದೇ ಹಳೇಬೀಡು" ಎಂದರೆ ನಾವು ಒಪ್ಪುತ್ತೇವೆಯೇ? ಎರಡು ಸಾವಿರ ವರ್ಷಕ್ಕೂ ಮೀರಿದ ಒಂದು ನಗರಕ್ಕೆ ನಾಲ್ಕು ಗಂಟೆ. ಅದರಲ್ಲಿ ಅರ್ಧ ಗಂಟೆ ಶೌಚಾಲಯ ಹುಡುಕಲು.

ಹಡಗಿನಲ್ಲಿ ಮೂರು ಹೊತ್ತಿನ ಊಟಕ್ಕೆ ಮೊದಲೇ ದುಡ್ಡು ಕಟ್ಟಿರುತ್ತದೆ. ಹಾಗಾಗಿ ಹೆಚ್ಚಿನವರು ಊರಿನಲ್ಲಿ ಉಣ್ಣುವುದಿಲ್ಲ. ಮಲಗುವುದಂತೂ ಹಡಗಿನಲ್ಲೇ. ದೊಡ್ಡ ಹಡಗಿನಲ್ಲಿ ಮೂರು, ನಾಲ್ಕು, ಐದು ಸಾವಿರ ಜನ ಇರುತ್ತಾರೆ. ಅವರೆಲ್ಲ ಬೆಳಿಗ್ಗೆ ಒಂದೇ ಹೊತ್ತಿಗೆ ಇಳಿದು ಒಂದೇ ಬೀದಿಗೆ ನುಗ್ಗುತ್ತಾರೆ. ಊರಿಗೆ ಉಳಿಯುವುದು ನೂಕುನುಗ್ಗಲು, ಕಸ, ಹಡಗಿನ ಹೊಗೆ. ಹೊಗೆ ಎಷ್ಟು ತೊಂದರೆಯಾಯಿತೆಂದರೆ 2025ರ ಮೇ 1ರಿಂದ ಇಡೀ ಮೆಡಿಟರೇನಿಯನ್ ಸಮುದ್ರವನ್ನು ಗಂಧಕದ ಹೊಗೆ ನಿಯಂತ್ರಣ ವಲಯವೆಂದು ಮಾಡಿ, ಹಡಗಿನ ಇಂಧನದಲ್ಲಿ ಗಂಧಕ ಶೇ. 0.1 ದಾಟಬಾರದೆಂದು ಕಟ್ಟಳೆ ತರಬೇಕಾಯಿತು.

ಆ ಊರುಗಳು ಏನು ಹೇಳುತ್ತಿವೆ ಎಂಬುದನ್ನು ನಮ್ಮ ಪ್ರವಾಸ ಕಥನಗಳು ಕೇಳಿಸಿಕೊಳ್ಳುವುದಿಲ್ಲ. ವೆನಿಸ್‌ನ ಸೇಂಟ್ ಮಾರ್ಕ್ ಚೌಕದ ಮುಂದಿನಿಂದ ದೊಡ್ಡ ಹಡಗು ಹಾಯುವುದನ್ನು ಇಟಲಿ ಸರಕಾರ 2021ರ ಆಗಸ್ಟಿನಿಂದ ನಿಲ್ಲಿಸಿತು. 1950ರ ಸುಮಾರಿಗೆ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬದುಕುತ್ತಿದ್ದ ಆ ಹಳೆಯ ನಗರದಲ್ಲಿ 2022ರ ಹೊತ್ತಿಗೆ ಐವತ್ತು ಸಾವಿರಕ್ಕಿಂತ ಕಡಿಮೆ ಜನ ಉಳಿದಿದ್ದರು. 2024ರಲ್ಲಿ ಅಲ್ಲಿನ ಆಡಳಿತ ಕೆಲವು ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಐದು ಯೂರೋ ಪ್ರವೇಶ ಶುಲ್ಕ ಹಾಕಿತು. ಗಮನಿಸಿ, ರಾತ್ರಿ ಅಲ್ಲೇ ತಂಗುವವರಿಗೆ ಆ ಶುಲ್ಕ ಇಲ್ಲ. ಕೋಟೆಯೊಳಗಿನ ಪುಟ್ಟ ಊರು ದುಬ್ರೋವ್ನಿಕ್, ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಹಡಗು ಬೇಡ, ನಾಲ್ಕು ಸಾವಿರಕ್ಕಿಂತ ಹೆಚ್ಚು ಪ್ರಯಾಣಿಕರು ಬೇಡ ಎಂದಿತು. ಹದಿನೈದು ಸಾವಿರದಷ್ಟು ಜನರಿರುವ ಸ್ಯಾಂಟೊರಿನಿ ದ್ವೀಪ ದಿನಕ್ಕೆ ಎಂಟು ಸಾವಿರ ಕ್ರೂಸ್ ಪ್ರಯಾಣಿಕರ ಮಿತಿ ಹಾಕಿತು. ಬಾರ್ಸಿಲೋನಾದಲ್ಲಿ 2024ರ ಜುಲೈನಲ್ಲಿ ಜನ ಬೀದಿಗಿಳಿದು ಹೋಟೆಲಿನ ಹೊರಗೆ ಕೂತ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದರು. ಮರುವರ್ಷ ಆ ನಗರ ತನ್ನ ಏಳು ಕ್ರೂಸ್ ನಿಲ್ದಾಣಗಳನ್ನು ಐದಕ್ಕೆ ಇಳಿಸಲು ತೀರ್ಮಾನಿಸಿತು.

ಇವರು ಅತಿಥಿಗಳನ್ನು ಕಂಡರಾಗದವರಲ್ಲ. ಬಂದರಿನ ಊರುಗಳು ಸಾವಿರಾರು ವರ್ಷ ಬದುಕಿದ್ದೇ ಹೊರಗಿನವರಿಂದ. ಅವರು ಕೇಳುತ್ತಿರುವುದು, ಬಂದವರು ಒಂದು ರಾತ್ರಿಯಾದರೂ ಇರಲಿ, ಒಂದು ಹೊತ್ತಾದರೂ ಇಲ್ಲಿ ಉಣ್ಣಲಿ ಎಂದು. ನಮ್ಮ ಚಿಕ್ಕಪ್ಪ "ಒಂದ್ ಲೋಟ ಕಾಫೀನೂ ಕುಡಿಯಲ್ಲ" ಎಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಆ ಸಮುದ್ರದ ದಡದಿಂದ ನಮ್ಮ ಕಡೆಗೆ ಬಂದವರೂ ಇದ್ದರು. ಮೆಡಿಟರೇನಿಯನ್ನಿನ ಬಾಗಿಲಲ್ಲಿರುವ ಟ್ಯಾಂಜಿಯರ್ ಊರಿನ ಇಬ್ನ್ ಬತೂತಾ 14ನೇ ಶತಮಾನದಲ್ಲಿ ಹೊನ್ನಾವರದಲ್ಲಿದ್ದ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದವು ಎಂದು ಅವನು ಬರೆದಿಟ್ಟ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿದ ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೇರುಸೊಪ್ಪೆಯ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ದಾರಿಯ ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ನಿಂತು ನೋಡಿ ಬರೆದ. ಉಳ್ಳಾಲದ ರಾಣಿ ಬರಿಗಾಲಿನಲ್ಲಿ ನಡೆದು, ಗದ್ದೆಗೆ ನೀರು ಹಾಯಿಸುವ ಕಾಲುವೆಯ ಕೆಲಸ ನೋಡಲು ಹೊರಟದ್ದನ್ನು ಕಂಡು ಅವಳೊಂದಿಗೆ ಮಾತಾಡಿದ. ಇಟಲಿಯ ಜೆಸ್ವಿಟ್ ಕಲಾವಿದ ಆಂಟೊನಿಯೊ ಮೊಸ್ಕೆನಿ 19ನೇ ಶತಮಾನದ ಕೊನೆಯಲ್ಲಿ ಮಂಗಳೂರಿಗೆ ಬಂದು ಸೇಂಟ್ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡುಗಳನ್ನು ಚಿತ್ರದಿಂದ ತುಂಬಿಸಿದ. ಊರಿಗೆ ಹಿಂದಿರುಗಲಿಲ್ಲ, ಕೊಚ್ಚಿಯಲ್ಲಿ ತೀರಿಕೊಂಡ.

ಇವತ್ತು ನವಮಂಗಳೂರು ಬಂದರಿಗೂ ಕ್ರೂಸ್ ಹಡಗು ಬರುತ್ತವೆ. ಪ್ರವಾಸಿಗರು ಬಸ್ಸಿನಲ್ಲಿ ಕುದ್ರೋಳಿ ದೇವಸ್ಥಾನ, ಅದೇ ಚಾಪೆಲ್, ಗೇರುಬೀಜದ ಕಾರ್ಖಾನೆ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎಂದು ಸುತ್ತಿ ಸಂಜೆಯೊಳಗೆ ಹಡಗು ಹತ್ತುತ್ತಾರೆ. ಮೊಸ್ಕೆನಿ ವರ್ಷಗಟ್ಟಲೆ ಬಿಡಿಸಿದ್ದಕ್ಕೆ ಅವನ ನಾಡಿನವರೇ ಇಪ್ಪತ್ತು ನಿಮಿಷ ಕೊಡುತ್ತಾರೆ. ಅವರು ಹಿಂದಿರುಗಿ "ಕರ್ನಾಟಕ ನೋಡಿದೆವು" ಎಂದು ಬರೆದರೆ ನಾವು ನಗುತ್ತೇವೆ. ನಮ್ಮವರು "ಸಿಸಿಲಿ ನೋಡಿದೆವು" ಎಂದು ಬರೆದರೆ ಬೆನ್ನು ತಟ್ಟುತ್ತೇವೆ.

ಇದಕ್ಕೆ ಉತ್ತರಗಳಿವೆ, ನನಗೂ ಗೊತ್ತು. ಮೊದಲನೆಯದು, ಮಂಡಿನೋವಿನ ವಯಸ್ಸಾದವರಿಗೆ ಹಡಗು ಅನುಕೂಲ ಎಂಬುದು. ನಿಜ. ಅರವತ್ತೈದರ ಅಮ್ಮನಿಗೆ ಪೆಟ್ಟಿಗೆ ಎಳೆದುಕೊಂಡು ರೈಲು ಬದಲಿಸಿ ಎನ್ನಲು ನಾನು ಸಿದ್ಧನಿಲ್ಲ. ಅಂಥವರು ಸಮುದ್ರ ನೋಡಿ ಬರಲಿ, ಸಂತೋಷಪಡಲಿ. ಆದರೆ ಸಮುದ್ರ ನೋಡಿದ್ದನ್ನು ಊರು ನೋಡಿದ್ದೆಂದು ಹೇಳುವ ಅಗತ್ಯವಿಲ್ಲ. ಅದೂ ಅಲ್ಲದೆ, ಕಥನ ಬರೆಯುವವರಲ್ಲಿ ಹೆಚ್ಚಿನವರ ಮಂಡಿ ಗಟ್ಟಿಯಾಗಿಯೇ ಇದೆ.

ಎರಡನೆಯದು, ಏನೂ ನೋಡದಿರುವುದಕ್ಕಿಂತ ಇಷ್ಟಾದರೂ ನೋಡುವುದು ಮೇಲಲ್ಲವೇ ಎಂಬುದು. ನೋಡುವವನಿಗೆ ಮೇಲಿರಬಹುದು. ನೋಡಿಸಿಕೊಳ್ಳುವ ಊರನ್ನು ಕೇಳಿದ್ದೀರಾ? ಅದೇ ಏಳು ದಿನವನ್ನು ಪಲೆರ್ಮೊ ಒಂದರಲ್ಲೇ ಕಳೆಯಬಹುದಿತ್ತು. ಅರಬ್ಬರು, ನಾರ್ಮನ್ನರು ಆಳಿದ ಆ ಊರಿನ ಸಂತೆಬೀದಿಯಲ್ಲಿ ನಾಲ್ಕನೇ ಬೆಳಿಗ್ಗೆ ಅಂಗಡಿಯವನು ನಿಮ್ಮ ಗುರುತು ಹಿಡಿದು ತಲೆಯಾಡಿಸುತ್ತಿದ್ದ. ಬರೆಯಲು ಯೋಗ್ಯವಾದದ್ದು ಅಲ್ಲಿಂದ ಶುರುವಾಗುತ್ತದೆ.

ಮೂರನೆಯದು, ಕ್ರೂಸಿನಿಂದ ಎಷ್ಟೋ ಜನಕ್ಕೆ ಕೆಲಸ ಸಿಗುತ್ತದೆ ಎಂಬುದು. ಇದು ಗಟ್ಟಿ ಮಾತು. ಮಂಗಳೂರು, ಉಡುಪಿ, ಗೋವಾದ ಎಷ್ಟೋ ಮನೆಗಳ ಹುಡುಗರು ಈ ಹಡಗುಗಳ ಅಡುಗೆಮನೆಯಲ್ಲಿ, ರೂಮು ಚೊಕ್ಕ ಮಾಡುವ ಕೆಲಸದಲ್ಲಿ ಇದ್ದಾರೆ. ತಿಂಗಳುಗಟ್ಟಲೆ ಒಪ್ಪಂದ, ಕಿಟಕಿಯಿಲ್ಲದ ಕೆಳ ಅಂತಸ್ತಿನಲ್ಲಿ ಹಾಸಿಗೆ. ಹಡಗು ನೋಂದಣಿಯಾಗಿರುವುದು ಬಹಾಮಾಸ್, ಪನಾಮಾ, ಮಾಲ್ಟಾಗಳಲ್ಲಿ. ಹಡಗಿಗೆ ಅನ್ವಯಿಸುವ ಕಾನೂನೂ ಬಹುಪಾಲು ಆ ಬಾವುಟದ ದೇಶದ್ದು. ಈ ಹುಡುಗರ ದುಡಿಮೆಯಲ್ಲಿ ಊರಿನ ಮನೆಗೆ ತಾರಸಿ ಬಂದಿದೆ, ತಂಗಿಯ ಓದು ನಡೆದಿದೆ. ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ನಾನು ಓದಿದ ಕ್ರೂಸ್ ಕಥನಗಳಲ್ಲಿ ಟವೆಲನ್ನು ಹಂಸದ ಆಕಾರಕ್ಕೆ ಮಡಚಿಟ್ಟ ವರ್ಣನೆ ಇರುತ್ತದೆ, ಮಡಚಿದವನು ಯಾರೆಂದು ಇರುವುದಿಲ್ಲ. ಅವನು ಕುಂದಾಪುರದವನೇ ಇರಬಹುದು. ಏಳು ದಿನದಲ್ಲಿ ಅವನನ್ನು ಕನ್ನಡದಲ್ಲಿ ಮಾತಾಡಿಸಿದ್ದರೆ ಆ ಸಮುದ್ರದ ಬಗ್ಗೆ ಆರು ಊರುಗಳಿಗಿಂತ ಹೆಚ್ಚು ತಿಳಿಯುತ್ತಿತ್ತು.

ನಮಗೆ ಒಳ್ಳೆಯ ಮಾದರಿ ಇಲ್ಲವೆಂದೂ ಅಲ್ಲ. ನಮ್ಮ ಪಕ್ಕದ ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ತೇಜಸ್ವಿ ಅಂಡಮಾನಿಗೆ ಹೋಗಿ ಬಂದು ಬರೆದರು. ಮೆಡಿಟರೇನಿಯನ್ನಿಗೆ ಸೇರುವ ನೈಲ್ ನದಿಯ ಮೂಲ ಹುಡುಕಿದವರ ಕತೆಯನ್ನೂ ಕನ್ನಡಕ್ಕೆ ತಂದರು. ತಿಳಿದುಕೊಳ್ಳಲು ಎಲ್ಲ ಕಡೆಗೂ ಓಡಬೇಕಿಲ್ಲ, ಹೋದಲ್ಲಿ ಕಣ್ಣು ಬಿಟ್ಟು ಕೂರಬೇಕು ಎಂಬುದು ಆ ಕೆಲಸದಿಂದ ನಾನು ಕಲಿತದ್ದು.

ಇನ್ನು ನಮ್ಮ ಮನೆಯ ಮಾತು. ನಮ್ಮ ಗೇಟಿನಲ್ಲೂ ಹೋಂಸ್ಟೇ ಬೋರ್ಡಿದೆ. ಕಾಫಿ ಬೆಲೆ ಬಿದ್ದಿದ್ದ ವರ್ಷಗಳಲ್ಲಿ ಆ ಬೋರ್ಡೇ ಸಾಲದ ಬಡ್ಡಿ ಕಟ್ಟಿತು. "ಒಂದೇ ದಿನದಲ್ಲಿ ಏಳು ಸ್ಪಾಟ್" ಎಂದು ಜೀಪಿನ ಪ್ಯಾಕೇಜನ್ನು ನಾವೂ ಮಾರಿದ್ದೇವೆ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದತ್ತ ಪೀಠ, ಮಾಣಿಕ್ಯಧಾರಾ, ಝರಿ ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ನಿಮಿಷ ಲೆಕ್ಕ ಹಾಕಿ ಓಡಿಸಿದ್ದೇವೆ. ಹಡಗಿಲ್ಲ ಅನ್ನುವುದೊಂದು ಬಿಟ್ಟರೆ ಇದು ಕ್ರೂಸೇ. ರಾತ್ರಿ ಬೆಂಗಳೂರು ಬಿಟ್ಟು, ಬೆಳಗಿನ ಮಂಜಿನಲ್ಲಿ ಗಿರಿಯ ಮೇಲೆ ಫೋಟೋ ತೆಗೆದು, ಸಂಜೆಗೆ ಮತ್ತೆ ಹೆದ್ದಾರಿ ಹಿಡಿಯುವ ಹುಡುಗರಿಗೆ ಆ ಪಟ್ಟಿ ಬರೆದುಕೊಟ್ಟವರು ನಾವೇ.

1,930 ಮೀಟರ್ ಎತ್ತರದ ಆ ಬೆಟ್ಟದ ಮೇಲಿರುವುದು ಬೋಳು ಗುಡ್ಡವಲ್ಲ, ಶೋಲಾ ಕಾಡು ಮತ್ತು ಹುಲ್ಲುಗಾವಲು. ಮಳೆಯ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬಿಡುವುದು ಆ ಹುಲ್ಲು. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ತುಂಬಿಸುತ್ತವೆ. ಇಲ್ಲಿ ಚಕ್ರದಡಿ ಸಿಕ್ಕ ಹುಲ್ಲಿಗೆ ಅಲ್ಲಿನ ಬಯಲುಸೀಮೆಯ ಕೊಡಪಾನ ಲೆಕ್ಕ ಕೊಡುತ್ತದೆ. 2022ರಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ ಗಿರಿ ತುಂಬ ಅರಳಿದಾಗ, ಹೂವಿನ ಮೇಲೆ ಕೂತು ಫೋಟೋ ತೆಗೆಸಿಕೊಂಡವರನ್ನು ನಾನೇ ಕಂಡೆ. ನಮ್ಮ ಲೈನ್ ಮನೆಯ ಹೆಂಗಸೊಬ್ಬಳು ಒಂದು ಭಾನುವಾರ ಹೆರಿಗೆ ನೋವಿನಲ್ಲಿ ಕಾರುಗಳ ಸಾಲಿನ ನಡುವೆ ಒಂದೂವರೆ ಗಂಟೆ ಜೀಪಿನಲ್ಲಿ ಕೂತಿದ್ದಳು. ಮಗು ಉಳಿಯಿತು. ಅದು ನಮ್ಮ ಪುಣ್ಯ, ವ್ಯವಸ್ಥೆಯದ್ದಲ್ಲ.

ಈಗ ಗಿರಿಗೆ ಹೋಗುವ ವಾಹನಗಳಿಗೆ ಮುಂಗಡ ಬುಕಿಂಗ್, ಮಿತಿ ಎಂದು ಜಿಲ್ಲಾಡಳಿತ ಕಟ್ಟುಪಾಡು ತಂದಾಗ ವ್ಯಾಪಾರ ಹಾಳಾಯಿತೆಂದು ಕೂಗಿದವರಲ್ಲಿ ನಮ್ಮವರೂ ಇದ್ದಾರೆ. ನಾನು ಆ ಮಿತಿಯ ಪರ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವೆನಿಸ್ ಮಾಡಿದಂತೆ ಮಾಡಬೇಕು ಎನ್ನುತ್ತೇನೆ. ಬಂದ ದಿನವೇ ಹೋಗುವವರ ಮೇಲೆ ಶುಲ್ಕ ಹೆಚ್ಚಿಸಿ, ಎರಡು ರಾತ್ರಿ ತಂಗುವವರಿಗೆ ಬಿಟ್ಟುಬಿಡಿ. ಆ ಹಣ ಗಿರಿಯ ಕಸ ಎತ್ತುವವರ ಸಂಬಳಕ್ಕೆ ಹೋಗಲಿ. ನಮ್ಮ ಮನೆಯಲ್ಲಿ ಏಳು ಸ್ಪಾಟಿನ ಪ್ಯಾಕೇಜು ನಿಲ್ಲಿಸಿದೆವು. ಬಂದವರಿಗೆ ತೋಟದಲ್ಲಿ ನಡೆಯಿರಿ, ಕುಯ್ಲಿನ ದಿನವಾದರೆ ಕಣದಲ್ಲಿ ಕೂರಿ ಎನ್ನುತ್ತೇವೆ. ಗಿರಾಕಿ ಕಡಿಮೆಯಾಗಿದ್ದಾರೆ. ಅಪ್ಪನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ಗುಡ್ಡದ ಬೀಜ ಕೂಡ ಹಡಗು ಹತ್ತಿ ಅದೇ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಯ ಜನ ನಿಂತುಕೊಂಡು ಎರಡೇ ಗುಟುಕಿಗೆ ಕುಡಿದು ಮುಗಿಸುವ ಕಾಫಿಯಲ್ಲಿ ನಮ್ಮ ತೋಟದ ಪಾಲೂ ಇರಬಹುದು. ಆ ಊರಿನ ಕಾಫಿ ಅಂಗಡಿಯಲ್ಲಿ ಹೋಗಿ ನಿಂತು "ಈ ಬೀಜ ಎಲ್ಲಿಂದ ಬರುತ್ತೆ?" ಎಂದು ಕೇಳುವುದು ಮಲ್ಲಂದೂರಿನವನಿಗೆ ಮಾತ್ರ ಸಾಧ್ಯವಿರುವ ಪ್ರವಾಸ. ಹಡಗಿನಲ್ಲೇ ಮೂರು ಹೊತ್ತು ಉಂಡವರಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಇದನ್ನು ಓದುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮಗೆ ಇವತ್ತಲ್ಲ ನಾಳೆ ಹಣ ಬರುತ್ತದೆ, ಕಂತಿನಲ್ಲಿ ಹಡಗು ಹತ್ತಿಸುವವರೂ ಸಿಗುತ್ತಾರೆ. ಆಗ ಒಂದೇ ಊರು ಆರಿಸಿಕೊಳ್ಳಿ, ಏಳು ದಿನ ಅಲ್ಲೇ ಇರಿ. ಅದಾಗದಿದ್ದರೆ ಹೋಗಿ ಬನ್ನಿ, ಫೋಟೋ ಮನೆಯವರಿಗೆ ತೋರಿಸಿ, ಪ್ರವಾಸ ಕಥನ ಮಾತ್ರ ಬರೆಯಬೇಡಿ.

ಚಿಕ್ಕಪ್ಪನಿಗೆ ಇದನ್ನು ಅಚ್ಚಾಗುವ ಮೊದಲೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾರ್ಸೇಲಿ ಒಬ್ಬ ಮುದುಕ ನಮ್ ಬಸ್ಸಿಗೆ ಏನೋ ಕೂಗಿ ಕೈ ತೋರಿಸ್ದ ಕಣೋ. ಟಾಟಾ ಮಾಡ್ತಿದಾನೆ ಅಂತ ನಾನೂ ಕೈ ಬೀಸ್ದೆ" ಎಂದರು.