ಕೊಳಚೆ ನೀರಿನಲ್ಲಿ ಬಡ್ಡಿ ಹುಡುಕುವವರಿಗೆ

"ಫ್ಯಾಕ್ಟರಿ ಕೊಳಚೆಯಿಂದ ಹೈಡ್ರೋಜನ್! ಕಸದಿಂದ ರಸ!" ಇಂಥ ತಲೆಬರಹ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ವಿಜ್ಞಾನ ಸುಳ್ಳು ಅಂತಲ್ಲ, ಅದು ನಿಜವೇ. ಅದನ್ನು ಮಾರುವ ರೀತಿಗೆ ನನ್ನ ತಕರಾರು.

ನಾನು ಓದಿದ್ದು ಬಿ.ಕಾಂ. ಹೈದರಾಬಾದಿಗೆ ಬಂದು 28 ವರ್ಷವಾಯಿತು. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿ ನೋಡಿಯೇ ತಲೆ ನರೆತಿದೆ. ಹಾಗಾಗಿ ಲೆಕ್ಕದ ಭಾಷೆಯಲ್ಲೇ ಮಾತಾಡುತ್ತೇನೆ.

ಮೊದಲು ವಿಷಯ. ಕೆಲವು ಬ್ಯಾಕ್ಟೀರಿಯಾಗಳು ನೀರಿನ ಕೊಳೆಯನ್ನು ತಿಂದು, ಎಲೆಕ್ಟ್ರಾನುಗಳನ್ನು ನೇರವಾಗಿ ಎಲೆಕ್ಟ್ರೋಡಿಗೆ ದಾಟಿಸುತ್ತವೆ. ಹೊರಗಿನಿಂದ ಒಂದಿಷ್ಟು ಕರೆಂಟು ಕೊಟ್ಟರೆ ಇನ್ನೊಂದು ಎಲೆಕ್ಟ್ರೋಡಿನಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಇದೇ ಮೈಕ್ರೋಬಿಯಲ್ ಎಲೆಕ್ಟ್ರಾಲಿಸಿಸ್ ಸೆಲ್. 2005ರಲ್ಲಿ ಅಮೆರಿಕದ ಪೆನ್ ಸ್ಟೇಟ್, ನೆದರ್‌ಲ್ಯಾಂಡ್ಸಿನ ವಾಗನಿಂಗನ್ ವಿಶ್ವವಿದ್ಯಾಲಯಗಳು ಇದನ್ನು ಬೇರೆ ಬೇರೆಯಾಗಿ ಕಂಡುಕೊಂಡವು. ಬರೀ ನೀರನ್ನು ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಬೇಕು. ಇಲ್ಲಿ ವ್ಯವಹಾರದಲ್ಲಿ ಒಂದು ವೋಲ್ಟಿನ ಒಳಗೇ ಕೆಲಸ ಸಾಗುತ್ತದೆ. ಭೇಷ್!

ಈಗ ಆದಾಯ ನೋಡೋಣ. ಕೊಳೆಯನ್ನು ಅಳೆಯುವುದು ಸಿ.ಓ.ಡಿ. ಎಂಬ ಅಳತೆಯಲ್ಲಿ, ಅಂದರೆ ಅದನ್ನು ಪೂರ್ತಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕದಲ್ಲಿ. ಒಂದು ಕಿಲೋ ಸಿ.ಓ.ಡಿ.ಯಿಂದ ಒಂದು ಹನಿಯೂ ಪೋಲಾಗದೆ ಬಂದರೂ ಸಿಗುವುದು 125 ಗ್ರಾಂ ಹೈಡ್ರೋಜನ್. ಅದು ಕಾಗದದ ಮೇಲಿನ ಮಿತಿ. ನೆಲದ ಮೇಲೆ? ಕ್ಯಾಲಿಫೋರ್ನಿಯಾದ ನಾಪಾದಲ್ಲಿ ದ್ರಾಕ್ಷಾರಸ ಮಾಡುವ ಕಾರ್ಖಾನೆಯ ಕೊಳಚೆಗೆ 1000 ಲೀಟರಿನ ಸೆಲ್ ಇಟ್ಟು ನೋಡಿದರು. ಫಲಿತಾಂಶ 2011ರಲ್ಲಿ ಬಂತು. ಅತಿ ಹೆಚ್ಚೆಂದರೆ ದಿನಕ್ಕೆ ಸುಮಾರು 190 ಲೀಟರ್ ಗ್ಯಾಸ್, ಅದರಲ್ಲೂ ಶೇ. 86ರಷ್ಟು ಮೀಥೇನ್. ಹುಟ್ಟಿದ ಹೈಡ್ರೋಜನನ್ನು ಬೇರೆ ಸೂಕ್ಷ್ಮಜೀವಿಗಳು ನುಂಗಿ ಮೀಥೇನ್ ಮಾಡಿಬಿಟ್ಟಿದ್ದವು! ನಾನು ಗುಣಿಸಿ ನೋಡಿದೆ: ನಮ್ಮ ಮನೆಯ ಒಂದು ಸಿಲಿಂಡರಿಗೆ ಸಮ ಆಗಲು ಆ ಯಂತ್ರ ಸುಮಾರು ನಾಲ್ಕು ತಿಂಗಳು ದುಡಿಯಬೇಕು. ಈ ಆದಾಯ ನಂಬಿ ಯಾವ ಬ್ಯಾಂಕು ಸಾಲ ಕೊಟ್ಟೀತು? ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಅಂದರೆ ಇದೇ.

ಆದರೆ ಅದೇ ಯಂತ್ರ ಕರಗಿದ ಸಿ.ಓ.ಡಿ.ಯನ್ನು ಸರಾಸರಿ ಶೇ. 62 ಇಳಿಸಿತ್ತು. ಯಾರೂ ತಲೆಬರಹ ಮಾಡದ ಲಾಭ ಇದು. ಈಗಿರುವ ಶುದ್ಧೀಕರಣ ಘಟಕಗಳಲ್ಲಿ ದೊಡ್ಡ ಖರ್ಚು ಹಗಲೂ ರಾತ್ರಿ ಗಾಳಿ ಊದುವ ಬ್ಲೋವರಿನದು. ಅದನ್ನು ಆಫ್ ಮಾಡಿದರೆ ಬಿಲ್ ಉಳಿಯುತ್ತದೆ. ಆಸೆ ಹುಟ್ಟುವುದೂ ಅಲ್ಲೇ. ಈ ಸೆಲ್ಲಿಗೆ ಗಾಳಿ ಊದಬೇಕಿಲ್ಲ, ಕೆಸರೂ ಕಡಿಮೆ. ಇದನ್ನು ಆದಾಯದ ಕಾಲಮ್ಮಿನಲ್ಲಿ ಅಲ್ಲ, ಉಳಿದ ಖರ್ಚಿನ ಕಾಲಮ್ಮಿನಲ್ಲಿ ಬರೆಯಿರಿ ಸ್ವಾಮಿ!

ಎಲ್ಲ ಕೊಳಚೆಯೂ ಒಂದೇ ಅಲ್ಲ ಎನ್ನುವುದೂ ನೆನಪಿರಲಿ. ಡೈರಿ, ಬಿಯರ್, ಸಕ್ಕರೆ ಕಾರ್ಖಾನೆಗಳ ನೀರು ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಇಲ್ಲೇ ನಮ್ಮ ಪಕ್ಕದ ಪಟಾನ್‌ಚೆರು ಹಾಗಲ್ಲ. ಸುಮಾರು 90 ಔಷಧ ಕಾರ್ಖಾನೆಗಳ ನೀರು ಬರುತ್ತಿದ್ದ ಅಲ್ಲಿನ ಸಾಮೂಹಿಕ ಘಟಕದಿಂದ, ಶುದ್ಧೀಕರಣವಾಗಿ ಹೊರಬಿದ್ದ ನೀರನ್ನೇ ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿದ್ದರು. ಲೀಟರಿಗೆ 31 ಮಿಲಿಗ್ರಾಂ ತನಕ ಸಿಪ್ರೋಫ್ಲಾಕ್ಸಸಿನ್ ಇತ್ತೆಂದು 2007ರಲ್ಲಿ ಬರೆದರು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ತುಂಬಿದ ನೀರಿಗೆ ಬ್ಯಾಕ್ಟೀರಿಯಾಗಳನ್ನೇ ಕೂಲಿಗೆ ಇಳಿಸುತ್ತೀರಾ? ಲ್ಯಾಬಿನಲ್ಲಿ ಕೆಲವು ಔಷಧಗಳನ್ನು ಇಂಥ ಸೆಲ್‌ಗಳು ಒಡೆದದ್ದುಂಟು. ಹಾಗೆಂದು ಔಷಧವನ್ನು ಕಾರ್ಖಾನೆಯೊಳಗೇ ಬೇರ್ಪಡಿಸುವ ಹೊಣೆ ತಪ್ಪುವುದಿಲ್ಲ.

ನನ್ನ ಮುಂದೆ ಕೂತ ಒಬ್ಬ ಮಾಲೀಕರು ಹಿಂದೊಮ್ಮೆ ಕೇಳಿದ್ದರು, "ಸಾರ್, ನೀರು ಕ್ಲೀನ್ ಮಾಡಿದರೆ ನನಗೆ ರಿಟರ್ನ್ ಏನು?" ಹೈಡ್ರೋಜನ್ ಆಸೆ ತೋರಿಸುವವರು ಈ ಪ್ರಶ್ನೆಯನ್ನು ಸರಿಯೆಂದು ಒಪ್ಪಿಕೊಂಡಂತೆ. ಲಾಭ ಬಂದರೆ ಮಾತ್ರ ಶುದ್ಧಿ, ಬಾರದಿದ್ದರೆ ನಕ್ಕವಾಗು ಹಳ್ಳಕ್ಕೆ ಬಿಡಿ, ಅಲ್ಲಿಂದ ಮಂಜೀರಾಕ್ಕೆ ಹೋಗಲಿ ಎಂದಂತೆ. ನಾವು ಮನೆಯ ಕಕ್ಕಸು ತೊಳೆಸುವುದು ರಿಟರ್ನ್ ನೋಡಿಯೇ?

ಸಬ್ಸಿಡಿ ಕೊಡಿ, ಸಾಲ ಕೊಡಿ, ಖಂಡಿತ ಕೊಡಿ. ಆದರೆ ಎಷ್ಟು ಹೈಡ್ರೋಜನ್ ಬಂತು ಅಂತಲ್ಲ, ಎಷ್ಟು ಕಿಲೋ ಕೊಳೆ ಕಳೆಯಿತು, ಕಿಲೋಗೆ ಎಷ್ಟು ಯೂನಿಟ್ ಕರೆಂಟು ಉಳಿಯಿತು ಎಂಬ ಮೀಟರ್ ನೋಡಿ ಕೊಡಿ. ಗ್ಯಾಸ್ ಬಂದರೆ ಅದು ಬೋನಸ್. ಬೋನಸ್ ನಂಬಿ ಸಂಸಾರ ನಡೆಸುವವರನ್ನು ನಮ್ಮೂರಲ್ಲಿ ಜಾಣರು ಅನ್ನುವುದಿಲ್ಲ. ನಿಮ್ಮೂರಲ್ಲಿ?