ಹಳೆಯ ಜೀಪು ಎತ್ತರ ಮಾಡಿಸಿದರೆ ಎರೆಮಣ್ಣಿನಲ್ಲಿ ಹೂತುಕೊಳ್ಳುವುದಿಲ್ಲವೇ?

ಮಳೆ ಬಿದ್ದ ಮೇಲೆ ಗುರುಗುಂಟಾ ಕಡೆಯ ಎರೆಹೊಲದ ದಾರಿಗೆ ಫೋರ್‌ವೀಲ್ ಡ್ರೈವ್ ಜೀಪು ಇಳಿಸಲೂ ಧೈರ್ಯ ಬೇಕು. ಗಾಡಿ ಎತ್ತರ ಮಾಡಿಸಿದರೆ ಈ ಚಿಂತೆ ಇರದು ಎನ್ನುವವರಿದ್ದಾರೆ. ಇದು ಎಷ್ಟು ನಿಜ, ನೋಡೋಣ.

ಹಳೆಯ ಜೀಪಿನಲ್ಲಿ ನೆಲಕ್ಕೆ ಹೆಚ್ಚು ಹತ್ತಿರವಿರುವುದು ಆಕ್ಸಲ್ ನಡುವಿನ ಡಿಫರೆನ್ಷಿಯಲ್. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ, ಬಾಡಿ ಮೇಲೇರುತ್ತವೆ; ಆಕ್ಸಲ್ ಇದ್ದಲ್ಲೇ ಇರುತ್ತದೆ. ಅದು ಏರಬೇಕಾದರೆ ಟೈರ್ ದೊಡ್ಡದಾಗಬೇಕು: ವ್ಯಾಸ 2 ಇಂಚು ಹೆಚ್ಚಿದರೆ ಆಕ್ಸಲ್ ಏರುವುದು 1 ಇಂಚು.

ಎರೆಮಣ್ಣಿನ ಸಮಸ್ಯೆ ಎತ್ತರದ್ದಲ್ಲ, ಹಿಡಿತದ್ದು. ಅದರ ಜೇಡಿ ನೀರು ಹೀರಿ ಉಬ್ಬುತ್ತದೆ, ಟೈರಿನ ಹಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಆಗ ಚಕ್ರ ನಿಂತಲ್ಲೇ ತಿರುಗಿ ಗುಂಡಿ ತೋಡುತ್ತದೆ. ಕಲ್ಲುಬಂಡೆಯ ದಾರಿಯಲ್ಲಿ ಚಾಸಿ ತಾಗದಿರಲು ಎತ್ತರ ನೆರವಾಗುವುದು ನಿಜ.

ಆದರೆ ಗುರುತ್ವ ಕೇಂದ್ರ ಮೇಲೇರಿದ ಗಾಡಿ ತಿರುವಿನಲ್ಲಿ, ಬದುವಿನ ಇಳಿಜಾರಿನಲ್ಲಿ ಬೇಗ ಪಲ್ಟಿಯಾಗುತ್ತದೆ. ಹಿಂದೆ ಜನ ಕೂತಿದ್ದರೆ ಪ್ರಾಣಕ್ಕೇ ಸಂಚಕಾರ. ತಯಾರಕರು ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ.

ಹಾಗಾಗಿ ಕುಸಿದ ಸ್ಪ್ರಿಂಗ್ ಪಟ್ಟಿ ಬದಲಿಸಿ, ಮೂಲ ಅಳತೆಯದೇ ಮಡ್ ಟೈರ್ ಹಾಕಿಸುವುದು ಮೇಲು ಎನ್ನುತ್ತೇವೆ. ಬಿಸಿಲು ಬಿದ್ದು ದಾರಿ ಆರುವ ತನಕ ಕಾಯಲು ಖರ್ಚೂ ಇಲ್ಲ.